ಅಕ್ಕ ಮತ್ತು ನಿಲ್ಲದ ಪೆಡಲು

ಇವತ್ತು ಮುಂಜಾನೆ ಹಾನಗಲ್ಲಿನ ನಮ್ಮ ಓಣಿಯಲ್ಲಿ ಯಾರೋ ಸೈಕಲ್ಲು ತಳ್ಳಿಕೊಂಡು ಹೋದರು. ಹಿಂದಿನ ಗಾಲಿ ಟಿಕ್ ಟಿಕ್ ಟಿಕ್ ಎಂದಿತು. ನಿಮಗೆ ಅದರಲ್ಲಿ ವಿಶೇಷವೇನೂ ಕಾಣಲಿಕ್ಕಿಲ್ಲ. ಗಾಲಿ ತಿರುಗುತ್ತಿದ್ದರೂ ಪೆಡಲು ಸುಮ್ಮನಿರಬಲ್ಲದು ಎಂದು ಸಾರುವ ಸದ್ದು ಅದು. ಆ ಸದ್ದೇ ಇಲ್ಲದ ಒಂದು ಸೈಕಲ್ಲು ಸವಣೂರಿನಲ್ಲಿ ನನ್ನ ಮಾನ ಕಳೆದಿತ್ತು. ಹೇಳಿಬಿಡುತ್ತೇನೆ, ಚಹಾ ಕುಡಿಯುತ್ತಲೇ ಕೇಳಿ.

ಆಗ ದೊಡ್ಡ ಯುದ್ಧದ ಕಾಲ. ಗಂಡ ತೀರಿಕೊಂಡ ಮೇಲೆ ಸವಣೂರಿನ ತವರಿಗೆ ಬಂದ ನಮ್ಮಕ್ಕ ಪಡಸಾಲೆಯಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿಯುತ್ತಿದ್ದಳು. ನಡುವೆ ಹುಬ್ಬಳ್ಳಿಗೆ ಹೋಗಿ ಹೆರಿಗೆ-ಬಾಣಂತನದ ಕೆಲಸವನ್ನೂ ಕಲಿತು ಬಂದಳು. ಸವಣೂರಿನ ದವಾಖಾನೆಯಲ್ಲಿ ನರ್ಸಿನ ಜಾಗ ಖಾಲಿಯಾಯಿತು. ಅಲ್ಲಿನ ಡಾಕ್ಟರ್ ಬಾಯಿ, ಅಂದರೆ ಲೇಡಿ ಡಾಕ್ಟರು, ಒಂದೇ ಷರತ್ತು ಹಾಕಿದರು: ಹತ್ತಿಮತ್ತೂರಿನಂಥ ಹಳ್ಳಿಗಳಿಗೆ ಒಬ್ಬಳೇ ಹೋಗಬೇಕು, ದವಾಖಾನೆಯ ಸೈಕಲ್ಲು ಹೊಡೆಯಲು ಬರಬೇಕು. ಎಂಟು ದಿನ ಗಡುವು.

"ಈ ನೌಕರಿ ಸಿಕ್ಕರ ನಾ ಯಾರ ಮುಖಾನೂ ನೋಡೂದಿಲ್ಲ ನೋಡೋ ತಮ್ಮಾ. ನಂದ ಕೈ, ನಂದ ಬಾಯಿ," ಅಂದಳು ಅಕ್ಕ.

ಧಾರವಾಡದಲ್ಲಿ ಎರಡು ವರ್ಷ ಸೈಕಲ್ಲು ಹೊಡೆದ ಪಂಡಿತ ನಾನು. ಕಲಿಸುವ ಭಾರ ಹೊತ್ತೆ. ಕಲಿಯಲೆಂದು ಕೊಟ್ಟ ದವಾಖಾನೆಯ ಸೈಕಲ್ಲು ದುರಸ್ತಿಯಾಗುತ್ತಿದ್ದದ್ದು ಹಸನಸಾಬರ ಅಂಗಡಿಯಲ್ಲಿ. ಯುದ್ಧದ ದೆಸೆಯಿಂದ ಸಾಮಾನು ಸಿಗದೆ, ಅವರು ಹಿಂದಿನ ಗಾಲಿಗೆ ಹಲ್ಲುಚಕ್ರವನ್ನು ಗಟ್ಟಿಯಾಗಿ ಬಿಗಿದುಬಿಟ್ಟಿದ್ದರು. ಬ್ರೇಕು ಮೊದಲೇ ಮಾಯವಾಗಿತ್ತು.

"ನೋಡ್ರಿ ಮಾಸ್ತರ, ಇದು ಫಿಕ್ಸ್ ಗಾಲಿ. ಗಾಲಿ ತಿರಗೂತನಾ ಪೆಡಲ್ ತಿರಗತಾವ. ಖಬರದಾರ್!" ಅಂದರು. ನಾನಿನ್ನೂ ಮಾಸ್ತರನೇನೂ ಆಗಿರಲಿಲ್ಲ, ಧೋತರ ಉಟ್ಟವರೆಲ್ಲ ಅವರಿಗೆ ಮಾಸ್ತರರೇ. ಆ ಗೌರವದ ಗುಂಗಿನಲ್ಲಿ ಉಳಿದ ಮಾತು ನನ್ನ ಕಿವಿಗೆ ಬೀಳಲೇ ಇಲ್ಲ.

ಊರ ಹೊರಗೆ ಎಲೆಬಳ್ಳಿಯ ತೋಟ ದಾಟಿದರೆ ಒಂದು ಇಳಿಜಾರು. ಅಕ್ಕ ಕಚ್ಚೆ ಬಿಗಿದು ಸೀಟಿನ ಮೇಲೆ ಕುಂತಳು. ನಾನು ಹಿಂದೆ ಹಿಡಿದು ಓಡಿದೆ. ಸಮ ನೆಲದಲ್ಲಿ ಎಲ್ಲ ಸುಸೂತ್ರ. ಇಳಿಜಾರು ಬಂದ ಕೂಡಲೇ ಕೈ ಬಿಟ್ಟು ಗುರುವಿನ ಗತ್ತಿನಲ್ಲಿ ಕೂಗಿದೆ: "ಅಕ್ಕಾ, ಇನ್ನ ಕಾಲ ನಿಂದ್ರಸು! ತಾನ ಹೊಕ್ಕೈತಿ!"

ಅಕ್ಕ ಕಾಲು ನಿಲ್ಲಿಸಿದಳು. ಪೆಡಲು ನಿಲ್ಲಲಿಲ್ಲ. ಅವಳನ್ನು ಮೇಲಕ್ಕೆ ಎತ್ತಿ ಜಾಲಿಮುಳ್ಳಿನ ಬೇಲಿಗೆ ಒಗೆಯಿತು. "ಹೆಣ್ಣಮಕ್ಕಳಿಗೆ ಇದು ಆಗೂದಲ್ಲ ಬಿಡು," ಎನ್ನುತ್ತ ನಾನೇ ಹತ್ತಿ ತೋರಿಸಲು ಹೋದೆ. ಅದೇ ಇಳಿಜಾರು, ಅದೇ ಬೇಲಿ. ಅಕ್ಕ ತನ್ನ ಮುಳ್ಳು ಕೀಳುವುದನ್ನು ಬಿಟ್ಟು ನನ್ನವನ್ನು ಕೀಳಲು ಬಂದಳು.

ಆರು ದಿನ ಹೀಗೇ ಬಿದ್ದೆವು. ಅವ್ವ ಅರಿಷಿಣ ಅರೆದು ಅರೆದು ಬೇಸತ್ತಳು. ಏಳನೆಯ ದಿನ ಅಕ್ಕ ಹೊರಗೆ ಬರಲೇ ಇಲ್ಲ. ಯಂತ್ರದ ಮುಂದೆ ಕುಂತು, ಬಟ್ಟೆಯಿಲ್ಲದೆ, ದಾರವಿಲ್ಲದೆ, ಬರಿದೇ ತುಳಿಯುತ್ತಿದ್ದಳು. ಆಸೆ ಬಿಟ್ಟಳೇನೋ ಎಂದು ನನಗೆ ಸಂಕಟವಾಯಿತು. ಅಷ್ಟರಲ್ಲಿ ಕೂಗಿದಳು.

"ತಮ್ಮಾ, ಇಲ್ಲಿ ನೋಡೋ! ಮಿಶನ್ ತಿರಗೂವಾಗ ನಾ ಎಂದರ ಕಾಲ ಗಪ್ಪನ ನಿಂದ್ರಸ್ತೇನೇನು? ಕಾಲ ಅದರ ಸಂಗಾಟ ಬಿಡತೇನಿ. ನಿಂದ್ರಬೇಕಂದ್ರ ಸಾವಕಾಶ ಕಾಲ ಭಾರ ಮಾಡತೇನಿ. ಅದೂ ಇದೂ ಒಂದ ಐತಿ! ನೀ ಸುಳ್ಳ ಹೇಳಿ ನನ್ನ ಕೆಡವಿದ್ಯೋ!"

ಇಬ್ಬರೂ ಓಡಿದೆವು, ಅಕ್ಷರಶಃ ಓಡಿದೆವು. ಅಕ್ಕ ಇಳಿಜಾರಿಗೆ ಬಂದಳು. ಕಾಲು ಗಾಲಿಯ ಜೊತೆ ಗರಗರ ತಿರುಗಿದವು, ಆಮೇಲೆ ಮೆಲ್ಲಗೆ ಭಾರ ಹಾಕಿದವು, ಸೈಕಲ್ಲಿನ ಓಟ ತಗ್ಗಿತು. ಇಳಿಯುವ ಗುಟ್ಟೂ ಅವಳಿಗೇ ಸಿಕ್ಕಿತು: ಎಡಗಡೆಯ ಪೆಡಲು ಮೇಲೇಳುವಾಗ ಅದೇ ನಮ್ಮನ್ನು ಎತ್ತುತ್ತದೆ, ನಾವು ಬಲಗಾಲನ್ನು ಹಿಂದಿನಿಂದ ದಾಟಿಸಿ ನೆಲಕ್ಕಿಟ್ಟರಾಯಿತು. ನಾನು ರಸ್ತೆಯ ನಡುವೆ ನಿಂತು ಚಪ್ಪಾಳೆ ಹೊಡೆದೆ.

ಮರುದಿನ ಪರೀಕ್ಷೆ. ಇಳಿಜಾರಿನಿಂದ ಬಂದು ದವಾಖಾನೆಯ ಬಾಗಿಲಲ್ಲಿ ನಿಲ್ಲಿಸಬೇಕು. ಡಾಕ್ಟರ್ ಬಾಯಿ ಮೆಟ್ಟಿಲ ಮೇಲೆ, ಹಸನಸಾಬರು ರಸ್ತೆಯ ಬದಿಗೆ, ನಾನು ಗೋಡೆಗೆ ಆತು. ಅಕ್ಕ ಬಂದಳು, ಸೆರಗು ಸೊಂಟಕ್ಕೆ ಬಿಗಿದಿದ್ದಳು, ಕಣ್ಣು ನೆಟ್ಟಗಿತ್ತು. ಡಾಕ್ಟರ್ ಬಾಯಿ ಕೈ ಎತ್ತಿದರು. ಅಕ್ಕ ನಿಲ್ಲಲಿಲ್ಲ! ಬಾಗಿಲು ದಾಟಿ ಭರ್ರನೆ ಹೋಗಿಯೇ ಬಿಟ್ಟಳು.

"ಹೋತು ನೌಕರಿ," ಎಂದು ನಾನು ಬೆನ್ನು ಹತ್ತಿ ಓಡಿದೆ. ಮುಂದಿನ ಬೇವಿನ ಗಿಡವನ್ನು ಸುತ್ತು ಹಾಕಿ ಅವಳು ನನ್ನೆದುರಿಗೇ ಬಂದಳು, ನನ್ನನ್ನು ದಾಟಿದಳು, ಬಾಗಿಲ ಹತ್ತಿರ ಕಾಲು ಭಾರ ಮಾಡಿದಳು, ಪೆಡಲು ಎತ್ತಿದ ಹಾಗೇ ಇಳಿದು ನಿಂತಳು.

"ಮೊದಲ ಯಾಕ ನಿಂದ್ರಲಿಲ್ಲವ್ವಾ?" ಎಂದರು ಬಾಯಿ.

"ನಿಂದ್ರಾಕ ಬರ್ತಿತ್ರೀ ಬಾಯಾರ," ಏದುಸಿರು ಬಿಡುತ್ತ ಅಕ್ಕ ನಕ್ಕಳು, "ಮನಸ ಆಗ್ಲಿಲ್ರಿ."

ಬಾಯಿಯೂ ನಕ್ಕರು. ಔಷಧದ ಚೀಲ ತಂದು ಅವಳ ಕೈಗೆ ಕೊಟ್ಟು, ಹತ್ತಿಮತ್ತೂರಿನಲ್ಲಿ ಬಸುರಿಯೊಬ್ಬಳು ಕಾಯುತ್ತಿದ್ದಾಳೆ, ಈಗಲೇ ಹೊರಡು ಅಂದರು.

ಅಕ್ಕ ತೀರಿಕೊಂಡು ಬಹಳ ವರ್ಷವಾಯಿತು. ಅವಳಿಗೆ ಸೈಕಲ್ಲು ಕಲಿಸಿದವನು ನಾನೇ ಎಂದು ಮಕ್ಕಳಿಗೆ, ಮೊಮ್ಮಕ್ಕಳಿಗೆ, ಬೀಗರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಅವಳೆದುರಿಗೂ ಹೇಳಿದ್ದೇನೆ. ಅವಳು ಒಮ್ಮೆಯೂ ಅಲ್ಲ ಅನ್ನಲಿಲ್ಲ, ಸುಮ್ಮನೆ ನಗುತ್ತಿದ್ದಳು. ಈಗ ಇದನ್ನೆಲ್ಲ ಹೇಳುತ್ತ ಕುಂತಾಗ ಲೆಕ್ಕ ಸರಿಯಾಗುತ್ತಿದೆ: ಆರು ದಿನ ನಾನು ಹೇಳಿದೆ, ಅವಳು ಬಿದ್ದಳು. ನನ್ನ ಮಾತು ಬಿಟ್ಟ ದಿನ ಕಲಿತಳು.