ಕಲ್ಲಿನ ಸವಾರನ ಕಾಲು

ಊರಿಗೆಲ್ಲ ಆಕೆ ಜೀನಕ್ಕ. ಕುದುರೆಯ ಬೆನ್ನಿಗೆ ಬಿಗಿಯುವ ಜೀನು ಹೊಲಿಯುವುದು ಆಕೆಯ ಕಸುಬು. ಮಾವ ಕಲಿಸಲು ಹೊರಟದ್ದು ಕಿರಿಮಗನಿಗೆ, ಆಕೆಯ ಗಂಡನಿಗೆ. ತೊಗಲಿನ ವಾಸನೆ ಹಿಡಿಸದೆ ಅವನು ಬಸ್ಸಿನ ಸ್ಟೇರಿಂಗ್ ಹಿಡಿದ. ಸೊಸೆ ಮಾತ್ರ ಮಾವನ ಮಗ್ಗುಲಲ್ಲಿ ಕೂತು, ಇದ್ಯಾಕೆ ಹೀಗೆ, ಅದ್ಯಾಕೆ ಹಾಗೆ ಎಂದು ತಲೆ ತಿನ್ನುತ್ತಲೇ ಕಲಿತಳು. ಮೂವತ್ತು ವರ್ಷದಲ್ಲಿ ಕೈ ಎಷ್ಟು ಪಳಗಿತ್ತೆಂದರೆ, ತೊಗಲನ್ನೊಮ್ಮೆ ಮಡಚಿ ಬಿಟ್ಟರೆ ಸಾಕು, ಅದು ಎಷ್ಟು ಕಾಲ ಬಾಳೀತೆಂದು ಹೇಳಿಬಿಡುತ್ತಿದ್ದಳು.

ಒಂದು ದಿನ ಭಾವ ಬಂದ. ಗಂಡನ ಅಣ್ಣನಾದ ಅವನದು ಸಿನಿಮಾಕ್ಕೆ ಕುದುರೆ ಪಳಗಿಸುವ ಕೆಲಸ. ಎರಡು ಸಾವಿರ ವರ್ಷಕ್ಕೂ ಹಿಂದೆ ದೇಶದೇಶ ಗೆದ್ದ ರಾಜನೊಬ್ಬನ ಕತೆಯನ್ನು ದೊಡ್ಡದಾಗಿ ತೆಗೆಯುತ್ತಿದ್ದರು. ಎಂಬತ್ತು ಜೀನು ಬೇಕಿತ್ತು. ಅವನು ತಂದ ಚಿತ್ರದಲ್ಲಿ ಜೀನಿನ ಎರಡೂ ಬದಿಗೆ ಪಟ್ಟಿ, ಪಟ್ಟಿಯ ತುದಿಗೆ ಸವಾರ ಕಾಲಿಡುವ ರಿಕಾಪು, ರಿಕಾಪಿನ ಮೇಲೆ ಸಿಂಹದ ಮುಖ.

"ಆ ಕಾಲದ ರಿಕಾಪು ಹೀಗೇ ಇತ್ತಾ ಭಾವ?"

"ನಾನೇನು ಆಗ ಇದ್ನಾ? ಕೊಟ್ಟಿದ್ದನ್ನ ಹೊಲಿಯಮ್ಮ."

ಹೊಲಿಯಬಹುದಿತ್ತು. ಆದರೆ ತಲೆಗೆ ಹುಳ ಹೊಕ್ಕಾಗಿತ್ತು. ಪಟ್ಟಿ ಎಷ್ಟು ಅಗಲವಿತ್ತು, ಬಕ್ಕಲು ಯಾವ ಬದಿಗೆ ಬರುತ್ತಿತ್ತು ಎಂದು ನೋಡಿಬರೋಣವೆಂದು ಮರುದಿನ ಅಳತೆ ಟೇಪನ್ನು ಚೀಲಕ್ಕೆ ಹಾಕಿಕೊಂಡು ವಸ್ತುಸಂಗ್ರಹಾಲಯಕ್ಕೆ ಹೋದಳು.

ಅಲ್ಲಿ ಕೆಳಗಿನ ಕೋಣೆಯಲ್ಲಿ ಆ ರಾಜನ ಕಾಲದ ಆಳೆತ್ತರದ ಕಲ್ಲು. ಅದರಲ್ಲಿ ಸಾಲಾಗಿ ಕುದುರೆ ಸವಾರರು. ಬಾಲದ ಕೂದಲನ್ನೂ ಎಳೆಎಳೆಯಾಗಿ ಕಡೆದಿದ್ದ ಶಿಲ್ಪಿ ರಿಕಾಪನ್ನೇ ಬಿಟ್ಟಿದ್ದ. ಸವಾರರ ಕಾಲುಗಳು ಸುಮ್ಮನೆ ಜೋತಾಡುತ್ತಿದ್ದವು. ಮುರಿದಿರಬೇಕೆಂದು ಆಕೆ ಬಗ್ಗಿ ಬಗ್ಗಿ ನೋಡಿದಳು. ಕಾವಲುಗಾರ ಗದರಿದ. ಗಲಾಟೆ ಕೇಳಿ ಒಳಗಿನಿಂದ ಅಧಿಕಾರಿ ಹೆಂಗಸು ಬಂದರು.

"ಮೇಡಂ, ನಾನು ಜೀನು ಹೊಲಿಯೋಳು. ಇವರ ರಿಕಾಪು ಎಲ್ಲಿ ಮುರಿದುಹೋಯ್ತು?"

"ಮುರಿದಿಲ್ಲಮ್ಮ. ಆ ಕಾಲದಲ್ಲಿ ಇರಲೇ ಇಲ್ಲ. ಜೀನೂ ನೀವು ಹೊಲಿಯೋ ಥರದ್ದಲ್ಲ, ದಪ್ಪ ಬಟ್ಟೆ ಮೇಲೆ ಕೂರ್ತಿದ್ರು."

"ಹಂಗಾದ್ರೆ ಬೀಳದೇ ಹೆಂಗೆ ಯುದ್ಧ ಮಾಡ್ತಿದ್ರು?"

ಅಧಿಕಾರಿ ನಕ್ಕರು. "ನನಗೆ ಪುಸ್ತಕದಲ್ಲಿರೋದು ಗೊತ್ತು. ಕುದುರೆ ಹತ್ತಿ ಗೊತ್ತಿಲ್ಲ."

ಜೀನಕ್ಕನೂ ಹತ್ತಿದವಳಲ್ಲ. ಸಾವಿರಾರು ಜೀನು ಹೊಲಿದ ಕೈ. ಒಂದರ ಮೇಲೂ ಕೂತಿರಲಿಲ್ಲ. ಐವತ್ತೆರಡನೆಯ ವಯಸ್ಸಿನಲ್ಲಿ ಗಂಡನ ಪ್ಯಾಂಟು ತೊಟ್ಟು ಭಾವನ ಲಾಯಕ್ಕೆ ಹೋಗಿ, ಮಡಚಿದ ಕಂಬಳಿಯ ಮೇಲೆ ತನ್ನನ್ನು ಕೂರಿಸೆಂದು ಹಟ ಹಿಡಿದಳು. ಕುದುರೆ ನಾಲ್ಕು ಹೆಜ್ಜೆ ಇಟ್ಟಿತು. ಐದನೆಯದಕ್ಕೆ ಆಕೆ ಮರಳಿನಲ್ಲಿದ್ದಳು. ಭಾವ ಎದೆ ಹಿಡಿದುಕೊಂಡು ಓಡಿಬಂದರೆ, ಆಕೆ ಬಾಯಿಯ ಮರಳು ಉಗುಳುತ್ತ, "ಗೊತ್ತಾಯ್ತು ಭಾವ, ತೊಡೆಯಲ್ಲಿ ಹಿಡೀಬೇಕು. ಇನ್ನೊಂದ್ಸಲ ಕೂರಿಸಿ" ಎಂದಳು.

ಮಾರನೆಯ ದಿನ ಕುಂಟುತ್ತಲೇ ಸಿನಿಮಾದ ನಿರ್ದೇಶಕರ ಮುಂದೆ ನಿಂತು, ಆ ಕಾಲಕ್ಕೆ ರಿಕಾಪು ಇರಲೇ ಇಲ್ಲವೆಂದಳು. ಅವರು ಸಿಟ್ಟಾಗಲಿಲ್ಲ. ಕುರ್ಚಿ ಎಳೆದು ಕೂರಿಸಿದರು.

"ಜೀನಕ್ಕ, ನೀವು ಹೇಳೋದು ನಿಜ. ನನಗೂ ಗೊತ್ತು."

"ಗೊತ್ತಿದ್ದೂ ಹಾಕ್ತೀರಾ ಸಾರ್?"

"ಆ ಕಲ್ಲಿನ ಸವಾರರು ನಡೆಯೋಕೆ ಮುಂಚೆ ಕುದುರೆ ಹತ್ತಿದೋರು. ನನ್ನ ಎಂಬತ್ತು ಜನ ಹೋದ ತಿಂಗಳು ಕಲಿತೋರು. ಒಬ್ಬ ಬಿದ್ದು ಸೊಂಟ ಮುರ್ಕೊಂಡ್ರೆ ಇತಿಹಾಸ ಬಂದು ಔಷಧಿ ಹಚ್ಚುತ್ತಾ? ಅಲ್ದೆ, ಜನ ಕಾಲು ನೋಡಲ್ಲಕ್ಕ, ಮುಖ ನೋಡ್ತಾರೆ."

"ನಾನು ಕಾಲೇ ನೋಡೋದು ಸಾರ್."

ಹಾಗೆಂದಳಾದರೂ ಸೊಂಟದ ಮಾತಿಗೆ ತಲೆಯಾಡಿಸಿ ಎದ್ದುಬಂದಳು. ಸ್ವಂತ ಸೊಂಟವೇ ಸಾಕ್ಷಿ ಹೇಳುತ್ತಿತ್ತು. ಮೂರು ದಿನ ಯೋಚಿಸಿ ಒಂದು ಮಾದರಿ ಹೊಲಿದಳು. ಮೇಲೆ ದಪ್ಪ ಬಟ್ಟೆ, ಎರಡೂ ಬದಿಗೆ ಪಾದದವರೆಗೆ ಇಳಿಬಿದ್ದ ಅಂಗೈಯಗಲದ ಅಂಚು, ಅಂಚಿನ ಮರೆಯಲ್ಲಿ ಕಾಲ್ಬೆರಳು ತೂರಿಸುವಷ್ಟು ತೊಗಲಿನ ಕುಣಿಕೆ. ಹೊರಗಿನಿಂದ ನೋಡಿದವರಿಗೆ ಕಾಲು ಜೋತಾಡಿದಂತೆಯೇ ಕಾಣುತ್ತಿತ್ತು. ಭಾವ ಅದನ್ನು ಕಟ್ಟಿ ಕುದುರೆ ಓಡಿಸಿ ತೋರಿಸಿದ. ನಿರ್ದೇಶಕರು ಎರಡು ಸುತ್ತು ನೋಡಿ, "ಎಪ್ಪತ್ತೊಂಬತ್ತು ಹೀಗೇ ಮಾಡಿ" ಎಂದರು.

"ಇನ್ನೊಂದು?"

"ಹೀರೋದು. ಅವರು ರಿಕಾಪಿನ ಮೇಲೆ ಎದ್ದು ನಿಂತು ಕತ್ತಿ ಎತ್ತೋ ಪೋಸ್ಟರು ಆಗಲೇ ಅಚ್ಚಾಗಿದೆ. ಅದೊಂದು ಬಿಟ್ಬಿಡಿ ನನಗೆ."

ಸಿನಿಮಾ ಬಂದ ವಾರ ಗಂಡನ ಜೊತೆ ಹೋದಳು. ಎಪ್ಪತ್ತೊಂಬತ್ತು ಸವಾರರು ಕಾಲು ಇಳಿಬಿಟ್ಟು ನುಗ್ಗಿದಾಗ ಸಂತೋಷವಾಯಿತು. ಆಕೆಯ ಹೊರತು ಯಾರೂ ಗಮನಿಸಿದಂತೆ ಕಾಣಲಿಲ್ಲ. ಆಮೇಲೆ ಹೀರೋ ಬಂದ. ಸಿಂಹಮುಖದ ರಿಕಾಪಿನ ಮೇಲೆ ನೆಟ್ಟಗೆ ಎದ್ದು ನಿಂತು ಕತ್ತಿ ಎತ್ತಿದ. ಚಿತ್ರಮಂದಿರವೇ ಎದ್ದು ಶಿಳ್ಳೆ ಹೊಡೆಯಿತು. ಜೀನಕ್ಕನ ಮೈ ಜುಮ್ಮೆಂದಿತು. ತಾನೂ ಎದ್ದು ನಿಂತಿದ್ದೇನೆಂದು ತಿಳಿದದ್ದು ಹಿಂದಿನವರು "ಕೂತ್ಕೊಳ್ಳಮ್ಮ" ಎಂದಾಗಲೇ.

"ಅದು ತಪ್ಪು ಅಂತ ಮೂರು ತಿಂಗಳು ನನ್ನ ತಲೆ ತಿಂದ್ಯಲ್ಲೇ?" ಎಂದ ಗಂಡ.

"ತಪ್ಪೇರೀ," ಎಂದಳು ಪರದೆಯಿಂದ ಕಣ್ಣು ಕೀಳದೆ. "ಎಷ್ಟು ಚೆನ್ನಾಗಿದೆ ನೋಡಿ."

ಮನೆಗೆ ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಇದೇ ವಾದ. ಸುಳ್ಳೆಂದು ಗೊತ್ತಿದ್ದರೂ ಮೈ ಯಾಕೆ ನಂಬಿತು ಎಂಬುದು ಆಕೆಗೆ ಬಗೆಹರಿಯಲಿಲ್ಲ. ಅದಕ್ಕಿಂತ ಹೆಚ್ಚು ಕಾಡಿದ್ದು ಇನ್ನೊಂದು ಪ್ರಶ್ನೆ: ಓಡುವ ಕುದುರೆಯ ಮೇಲೆ ಕೂತು ಈಟಿಯಲ್ಲಿ ಇರಿದಾಗ, ಕಾಲಿಗೆ ಆಸರೆಯಿಲ್ಲದ ಸವಾರ ಹಿಂದಕ್ಕೆ ಜಾರದೆ ಹೇಗೆ ಉಳಿಯುತ್ತಿದ್ದ? ಅಧಿಕಾರಿಯನ್ನು ಕೇಳಿದರೆ, ಬಲ್ಲವರಲ್ಲೇ ಇದಕ್ಕೆ ಒಮ್ಮತವಿಲ್ಲ ಎಂದರು.

ಈಗ ಭಾನುವಾರ ಬೆಳಿಗ್ಗೆ ಭಾವನ ಲಾಯದ ಬಯಲಿನಲ್ಲಿ ಹೊಟ್ಟು ತುಂಬಿದ ಗೋಣಿಚೀಲವೊಂದು ಕಂಬಕ್ಕೆ ತೂಗುತ್ತಿರುತ್ತದೆ. ಜೀನಕ್ಕ ಕಂಬಳಿಯ ಮೇಲೆ ಕೂತು, ಬಿದಿರಿನ ಗಳವೊಂದನ್ನು ಈಟಿಯಂತೆ ಹಿಡಿದು, ಕುದುರೆಯನ್ನು ಸಣ್ಣ ಓಟಕ್ಕೆ ಬಿಡುತ್ತಾಳೆ. ಹೋದ ವಾರ ಗಳ ಚೀಲಕ್ಕೆ ತಗುಲಿತು, ಆಕೆಯೂ ಕುದುರೆಯ ಮೇಲೇ ಉಳಿದಳು. ಹೇಗೆ ಉಳಿದೆನೆಂದು ನೆನಪಾಗಲಿಲ್ಲವಂತೆ. ಕುದುರೆಯನ್ನು ತಿರುಗಿಸಿಕೊಂಡು ಮತ್ತೆ ಹೊರಟಳು.