ಕುರಿ ರೊಪ್ಪದ ಬಾಗಿಲಲ್ಲಿ ನನ್ನ ಒಪೆರಾ ಇಂಟರ್‌ವ್ಯೂ

ಹೋದ ವಾರ ಒಂದು ಸಂಜೆ ನಮ್ಮೂರು ತಾಳ್ಯದಲ್ಲಿ, ದೊಡ್ಡಪ್ಪ ಕುರಿ ಕೂಡಿಹಾಕುವ ಬೇಲಿಯ ರೊಪ್ಪದ ಬಾಗಿಲಲ್ಲಿ, ಒಂದು ಕಲ್ಲಿನ ಮೇಲೆ, ರೇಷ್ಮೆ ಸೀರೆ ಉಟ್ಟು ನಿಂತಿದ್ದೆ. ಕೈಯಲ್ಲಿ ಫೋನು. ಫೋನಿನಲ್ಲಿ ಜರ್ಮನಿಯ ಮೂರು ಜನ.

ನಗಬೇಡಿ. ನಮ್ಮೂರಲ್ಲಿ ವಿಡಿಯೋ ಕಾಲ್ ಕಟ್ ಆಗದೆ ನಡೆಯುವುದು ಆ ಕಲ್ಲಿನ ಮೇಲೆ ಮಾತ್ರ. ಸೀರೆ ಅಮ್ಮನ ಹಠ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನಾನು ಒಪೆರಾದಲ್ಲಿ ಕೆಲಸ ಮಾಡುವವಳು. ಒಪೆರಾ ಅಂದರೆ ಶುರುವಿನಿಂದ ಕೊನೆಯವರೆಗೆ ಹಾಡಿನಲ್ಲೇ ನಡೆಯುವ ನಾಟಕ. ಅಮ್ಮ ನೆಂಟರಿಗೆಲ್ಲ ಹೇಳುವುದು, "ನಮ್ ಕಂಪನಿ ನಾಟಕ ಇದ್ದಂಗೇ ಐತೆ, ಆದ್ರೆ ಮೈಕ್ ಇರಲ್ಲ, ಒಂದಕ್ಷರ ತಿಳಿಯಲ್ಲ" ಅಂತ.

ಹೊಳಲ್ಕೆರೆ ಕಾಲೇಜಿನ ನಾಟಕಕ್ಕೆ ಲೈಟು ಹಿಡಿದದ್ದೇ ನನ್ನ ಶುರು. ಆಮೇಲೆ ಊರೂರು ತಿರುಗುವ ಒಂದು ನಾಟಕ ತಂಡ, ಅಲ್ಲಿಗೆ ವರ್ಕ್‌ಶಾಪ್ ಮಾಡಲು ಬಂದ ಜರ್ಮನ್ ಮೇಡಂ, ಒಂದು ಸ್ಕಾಲರ್‌ಶಿಪ್... ಹಾಗೆ ಹೋದವಳು ಏಳು ವರ್ಷದಿಂದ ಅಸಿಸ್ಟೆಂಟ್ ಡೈರೆಕ್ಟರ್.

ಯಾವ ಸ್ವರಕ್ಕೆ ಯಾರು ಯಾವ ಕಾಲು ಮುಂದಿಡಬೇಕು ಅಂತ ಡೈರೆಕ್ಟರ ಪುಸ್ತಕದಲ್ಲಿ ಬರೆದಿಡುವುದು, ಅವರಿಗೆ ಕಾಫಿ ತರುವುದು, ಅವರು ಮರೆತದ್ದನ್ನು ನೆನಪಿಸುವುದು. ನಾಲ್ಕು ದೇಶ ಸುತ್ತಿದ್ದೇನೆ. ಪೋಸ್ಟರಿನಲ್ಲಿ ಮಾತ್ರ ನನ್ನ ಹೆಸರು ಒಮ್ಮೆಯೂ ಬಂದಿಲ್ಲ.

ಈ ಇಂಟರ್‌ವ್ಯೂ ಡೈರೆಕ್ಟರ್ ಕೆಲಸದ್ದು. ನನ್ನದೇ ಮೊದಲ ಒಪೆರಾ! ರಜಕ್ಕೆ ಊರಿಗೆ ಬಂದ ಮೂರನೇ ದಿನಕ್ಕೇ ಕರೆ ಬರಬೇಕೆ? ಇದು ಕೈತಪ್ಪಿದರೆ ಇನ್ನೊಬ್ಬರ ಪುಸ್ತಕ ಹೊತ್ತುಕೊಂಡೇ ತಲೆ ನರೆಯುತ್ತದೆ ಅಂತ ನಿಜವಾಗಿ ಹೆದರಿದ್ದೆ.

ಅವರು ಕೇಳಿದ್ದು ಒಂದೇ ಸೀನ್. ಯುದ್ಧ ಮುಗಿದಿದೆ, ಚದುರಿಹೋಗಿದ್ದ ನಲವತ್ತು ಜನ ಹಾಡುತ್ತಾ ತಮ್ಮ ಊರಿಗೆ ವಾಪಸ್ ಬರುತ್ತಾರೆ. ಸೆಟ್ಟಿನಲ್ಲಿರುವುದು ಒಂದೇ ಒಂದು ಕಿರಿದಾದ ಬಾಗಿಲು. ಮ್ಯೂಸಿಕ್ ಒಂದು ನಿಮಿಷಕ್ಕೂ ಕಮ್ಮಿ.

ನಾನು ರಾತ್ರಿ ಹಗಲು ಕೂತು ಪ್ಲಾನ್ ಮಾಡಿದ್ದೆ. ಇಬ್ಬಿಬ್ಬರಾಗಿ ಬರಬೇಕು, ಎಡಕ್ಕೆ ಇಷ್ಟು, ಬಲಕ್ಕೆ ಇಷ್ಟು. ಬಾಣದ ಗುರುತು, ಬಣ್ಣ, ಎಲ್ಲ ಹಾಕಿ ಮೊದಲೇ ಕಳಿಸಿದ್ದೆ.

ಮಧ್ಯೆ ಕೂತಿದ್ದ ಕನ್ನಡಕದ ಮೇಡಂ ಎಲ್ಲ ನೋಡಿ, ತುಂಬಾ ಮರ್ಯಾದೆಯಿಂದ ಕೇಳಿದರು. ಟ್ರಾಫಿಕ್ ಚೆನ್ನಾಗಿ ಕಂಟ್ರೋಲ್ ಮಾಡಿದ್ದೀರಿ, ಆದರೆ ಇವರೆಲ್ಲ ಒಳಗೆ ಯಾಕೆ ಬರ್ತಾರೆ?

ಯಾಕೆ ಅಂದರೆ... ಮ್ಯೂಸಿಕ್ ಶುರುವಾಯಿತಲ್ಲ, ಅದಕ್ಕೆ. ಹಾಗಂದು, ನನ್ನ ಬಾಣದ ಗುರುತುಗಳನ್ನೇ ಮತ್ತೆ ವಿವರಿಸತೊಡಗಿದೆ.

ಅಷ್ಟರಲ್ಲಿ ಹಿಂದಿನಿಂದ ಧೂಳು!

ದೊಡ್ಡಪ್ಪನ ಜೊತೆ ಮೇಯಲು ಹೋಗಿದ್ದ ಕುರಿಗಳು ವಾಪಸ್ ಬಂದಿದ್ದವು. ನಾನು ನಿಂತಿದ್ದದ್ದು ಸರಿಯಾಗಿ ಅವುಗಳ ಬಾಗಿಲಲ್ಲಿ. ಸೀರೆ ಕಂಡು ಬೆದರಿ ಮುಂದಿನವು ನಿಂತವು, ಹಿಂದಿನವು ಅವುಗಳ ಮೇಲೆ ಬಿದ್ದವು, ಎಲ್ಲವೂ ಸೇರಿ ಅರಚಲು ಶುರು.

ಗಲಾಟೆ ಬೇಗ ಮುಗಿಯಲಿ ಅಂತ ಕಲ್ಲಿನಿಂದ ಧುಮುಕಿ, ಒಂದು ಕೈಯಲ್ಲಿ ಫೋನು ಹಿಡಿದೇ, ಹಿಂದೆ ಹೋಗಿ ಕುರಿಗಳನ್ನು ತಳ್ಳತೊಡಗಿದೆ. ಕುರಿ ಕಾಯುವವರ ಮನೆಯಲ್ಲಿ ಹುಟ್ಟಿದವಳು ಮಾಡುವ ಕೆಲಸವಾ ಇದು? ತಳ್ಳಿದಷ್ಟೂ ಅವು ಇನ್ನೂ ಗಟ್ಟಿಯಾಗಿ ಸಿಕ್ಕಿಕೊಂಡವು.

"ಲೇ ಮಂಜಿ, ಹಿಂದ್ಲಿಂದ ಯಾಕ್ ದಬ್ತೀಯಾ? ಈ ಕಡಿಗೆ ಬಾ, ದಾರಿ ಬಿಡು!" ದೊಡ್ಡಪ್ಪನ ಗಂಟಲು ಜರ್ಮನಿಗೆ ಫೋನಿಲ್ಲದೆಯೇ ಕೇಳಿಸಿರಬೇಕು.

ಪಕ್ಕಕ್ಕೆ ಸರಿದೆ. ದೊಡ್ಡಪ್ಪ ಕುರಿಗಳನ್ನು ಮುಟ್ಟಲೂ ಇಲ್ಲ. ಸೀದಾ ಬೇಲಿ ದಾಟಿ ಒಳಗೆ ಹೋಗಿ, ಬೆಳಗಿನಿಂದ ಕೂಡಿಹಾಕಿದ್ದ ಮರಿಗಳ ಮುಂದಿನ ಬಿದಿರಿನ ತಡಿಕೆ ಸರಿಸಿದರು, ಅಷ್ಟೇ.

ಮರಿಗಳು ಕೂಗಿದವು. ಹೊರಗೆ ಒಂದು ಕ್ಷಣ ಎಲ್ಲ ಕಿವಿಗಳೂ ನಿಮಿರಿದವು.

ಆಮೇಲೆ ನೋಡಬೇಕಿತ್ತು ನೀವು! ಅದೇ ಕಿರಿದಾದ ಬಾಗಿಲು, ಅದೇ ಕುರಿಗಳು. ಒಂದೊಂದೂ ಕೂಗುತ್ತಾ ನುಗ್ಗಿ, ಬೇರೆಯವರ ಮರಿಯನ್ನು ಮೂಸಿ ಬಿಟ್ಟು, ತನ್ನದನ್ನೇ ಹುಡುಕಿಕೊಂಡು ಹೋಗುತ್ತಿದೆ. ಯಾರೂ ಸಾಲು ಮಾಡಿಸಿಲ್ಲ. ನಿಮಿಷದೊಳಗೆ ಬಾಗಿಲು ಖಾಲಿ.

ಹುಟ್ಟಿದಾಗಿನಿಂದ ನೋಡಿದ್ದೇನೆ ಇದನ್ನ. ಅವತ್ತೇ ನನಗೆ ಕಂಡದ್ದು.

ಫೋನಿನ ನೆನಪಾಗಿ ನೋಡಿದರೆ ಮೂರೂ ಜನ ಸ್ಕ್ರೀನಿಗೆ ಮೂಗು ತಾಗಿಸಿ ಕೂತಿದ್ದಾರೆ! ಅವರನ್ನು ಕೇಳಿ, ಹೇಗೆ ಮಾಡಿದರು ಅಂತ, ಅಂದರು ಮೇಡಂ.

ಕೇಳಿದೆ.

"ನಾನೇನ್ ಮಾಡ್ದೆ? ಒಳಗೆ ಮರಿ ಅವೆ. ತಾಯಿ ಬರ್ದೆ ಇರ್ತಾಳಾ?" ಅಂದು ದೊಡ್ಡಪ್ಪ ಕ್ಯಾಮೆರಾ ಕಡೆ ತಿರುಗಿ ಕೈ ಮುಗಿದರು. "ಬರ್ರಿ ಒಂದ್ಸಲ ನಮ್ಮೂರಿಗೆ, ಕುಂತ್ಕಂಡು ನೋಡೀರಂತೆ."

ಅದನ್ನೇ ಜರ್ಮನ್‌ನಲ್ಲಿ ಹೇಳಿದೆ. ಆಮೇಲೆ ಉಸಿರು ಬಿಡದೆ ನನ್ನ ಮಾತನ್ನೂ ಹೇಳಿದೆ. ನಾನು ಕಳಿಸಿದ ಪ್ಲಾನ್ ಹರಿದುಹಾಕಿ. ಆ ನಲವತ್ತೂ ಜನರಿಗೆ ಒಳಗೆ ಒಬ್ಬೊಬ್ಬರನ್ನು ಇಡುತ್ತೇನೆ. ಒಬ್ಬಳಿಗೆ ತಂಗಿ, ಒಬ್ಬನಿಗೆ ನಾಯಿ, ಇನ್ನೊಬ್ಬನಿಗೆ ಮಾತು ಬಿಟ್ಟಿದ್ದ ಗೆಳೆಯ. ಬಾಗಿಲನ್ನು ಅವರೇ ದಾಟಿಕೊಂಡು ಬರುತ್ತಾರೆ...

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. ಕಾಲ್ ಕಟ್ ಆಯಿತು. ನಾನು ಕಲ್ಲಿನಿಂದ ಇಳಿದುಬಿಟ್ಟಿದ್ದೆನಲ್ಲ, ಅಷ್ಟು ಹೊತ್ತು ನಡೆದದ್ದೇ ಹೆಚ್ಚು!

ಐದು ದಿನ ಅನ್ನ ಸೇರಲಿಲ್ಲ.

ನಿನ್ನೆ ಮಧ್ಯಾಹ್ನ ಮೇಲ್ ಬಂತು. ಡೈರೆಕ್ಟರ್ ಅನ್ನುವ ಪದದ ಮುಂದೆ ನನ್ನ ಹೆಸರು! ಓದಿದ್ದನ್ನೇ ಹನ್ನೊಂದು ಸಲ ಓದಿ, ಚಪ್ಪಲಿ ಹಾಕದೆ ರೊಪ್ಪಕ್ಕೆ ಓಡಿದೆ. ಕುಣಿದೆ, ಅತ್ತೆ, ಮುಳ್ಳು ತುಳಿದೆ, ಮತ್ತೆ ಕುಣಿದೆ.

ದೊಡ್ಡಪ್ಪ ಬೀಡಿ ಆರಿಸಿ, ಎಲ್ಲ ಕೇಳಿ, ಒಂದೇ ಪ್ರಶ್ನೆ ಹಾಕಿದರು. "ಸರಿ ಕಣವ್ವ, ಆ ನಲವತ್ತು ಜನಕ್ಕೂ ಮರಿ ಹುಡುಕಿದ್ಯಾ?"

ಇಲ್ಲ! ಇನ್ನೂ ಹನ್ನೆರಡು ಜನಕ್ಕಷ್ಟೇ ಸಿಕ್ಕಿರುವುದು. ಹೇಳಿ, ಸಂಜೆ ನೀವು ಮನೆಯ ಬಾಗಿಲಿಗೆ ಓಡಿ ಬರುವುದು ಯಾರಿಗೋಸ್ಕರ?