ಮೈಕಮ್ಮನ ಗಂಟಲು

ಬಸ್ ನಿಲ್ದಾಣದ ಮಹಡಿಯ ಮೇಲೆ ಗಾಜಿನ ಕಿಟಕಿಯ ಒಂದು ಗೂಡಿತ್ತು. ಅದರೊಳಗೆ ಒಂದು ಕುರ್ಚಿ, ಒಂದು ಮೈಕು, ರೆಕ್ಕೆ ಸೊಟ್ಟಗಾದರೂ ತಿರುಗುವ ಚಟ ಬಿಡದ ಒಂದು ಫ್ಯಾನು, ಮತ್ತು ಮೈಕಮ್ಮ. ಹೆತ್ತವರು ಇಟ್ಟ ಹೆಸರು ಸಂಬಳ ಕೊಡುವವರಿಗೆ ಮಾತ್ರ ಗೊತ್ತಿತ್ತು. ಡ್ರೈವರು ಕಂಡಕ್ಟರುಗಳೆಲ್ಲ ಸೇರಿ ಮೈಕಮ್ಮ ಎಂದು ಕರೆದು ಅದನ್ನೇ ಖಾಯಂ ಮಾಡಿದ್ದರು. ಊರಿನವರಿಗೆ ಅವಳ ಮುಖ ಗೊತ್ತಿಲ್ಲ, ದನಿ ಗೊತ್ತು. ತರಕಾರಿ ಅಂಗಡಿಯಲ್ಲಿ ಚೌಕಾಸಿಗೆ ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ತಿರುಗಿ, "ಮೇಡಂ, ಬೆಳಗಿನ ಎಕ್ಸ್‌ಪ್ರೆಸ್ಸು ಯಾವ ಪ್ಲಾಟ್‌ಫಾರಂಗೆ ಬರತ್ತೆ?" ಎಂದು ಕೇಳುತ್ತಿದ್ದರು. ತರಕಾರಿಯವನು ಮಾತ್ರ ಬೆಲೆ ಇಳಿಸುತ್ತಿರಲಿಲ್ಲ. ಕೀರ್ತಿಗೆ ಪೇಟೆಯಲ್ಲಿ ಸಿಗುವ ರಿಯಾಯಿತಿ ಅಷ್ಟೇ.

ಆ ದನಿಯನ್ನು ಅವಳು ಸಾಕಿಕೊಂಡು ಬಂದದ್ದು ಬಸ್ಸಿಗಾಗಿ ಅಲ್ಲ, ಹಾಡಿಗಾಗಿ. ರೇಡಿಯೋದಲ್ಲಿ ಹಾಡಬೇಕೆಂಬುದು ಲಂಗ ತೊಡುವ ವಯಸ್ಸಿನ ಆಸೆ. ಅದಕ್ಕೆ ರೇಡಿಯೋದವರು ನಡೆಸುವ ಹಾಡಿನ ಪರೀಕ್ಷೆಯಲ್ಲಿ ಗೆಲ್ಲಬೇಕು. ಒಂದು ಸಲ ರಜೆ ಸಿಗಲಿಲ್ಲ. ಇನ್ನೊಂದು ಸಲ ಅಮ್ಮ ತೀರಿಕೊಂಡಳು. ಮತ್ತೊಂದು ಸಲ ಎಲ್ಲವೂ ಸರಿಯಿತ್ತು, ಧೈರ್ಯ ಸಾಲಲಿಲ್ಲ. ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ಕರೆಯುವುದಿಲ್ಲ.

ಸರಿಯಾಗಿ ಆಗಲೇ ಗಂಟಲು ಕೈಕೊಟ್ಟಿತು. ಸಂಜೆಯಾದರೆ ದನಿ ಒಡೆಯುವುದು, ಬೆಳಿಗ್ಗೆ ಎದ್ದರೆ ಒಳಗೆ ಮರಳು ಸುರಿದಂತೆ ಆಗುವುದು. ಡಾಕ್ಟರು ಗಂಟಲಿಗೆ ದೀಪ ಬಿಟ್ಟು ನೋಡಿ ಕೈ ತೊಳೆದುಕೊಂಡರು.

"ಡ್ಯೂಟಿ ಪೂರ್ತಿ ಮಾತು. ಡ್ಯೂಟಿ ಮುಗಿದ್ಮೇಲೆ ಹಾಡು. ಅದೂ ಮುಗಿದ್ಮೇಲೆ?"

"ಮನೆ, ಡಾಕ್ಟ್ರೇ."

"ಮನೇಲಿ ಬಾಯ್ಮುಚ್ಚಿಕೊಂಡು ಇರ್ತೀರಾ?"

"ಯಾರ ಮನೇಲಿ ಇರ್ತಾರೆ ಹೇಳಿ."

"ಗಂಟಲಿಗೂ ರಜೆ ಬೇಕಮ್ಮ. ಮೂರರಲ್ಲಿ ಒಂದನ್ನ ಬಿಡಿ. ಯಾವುದು ಅಂತ ನಾನು ಹೇಳಲ್ಲ, ಆಮೇಲೆ ನನ್ನ ಬೈತೀರ."

ಮೈಕಮ್ಮ ದಾರಿಯುದ್ದಕ್ಕೂ ಲೆಕ್ಕ ಹಾಕಿದಳು. ಕೆಲಸ ಬಿಟ್ಟರೆ ಒಲೆ ಉರಿಯುವುದಿಲ್ಲ. ಹಾಡು ಬಿಟ್ಟರೆ ಇಷ್ಟು ವರ್ಷ ಕಾದದ್ದು ನೀರುಪಾಲು. ಉಳಿದದ್ದು ಮನೆ. ಜಗಳ ತೆಗೆಯದ ಗಿರಾಕಿಗೇ ತೂಕದಲ್ಲಿ ಕಡಿಮೆ ಹಾಕುವುದು ಅಂಗಡಿಯವರ ಹಳೇ ಚಾಳಿ. ಅವಳು ಅಂಗಡಿ ಇಟ್ಟವಳಲ್ಲ, ಆದರೂ ಚಾಳಿ ತಾನಾಗಿ ಬಂತು: ಮನೆಯ ಮಾತಿಗೆ ಕತ್ತರಿ ಬಿತ್ತು.

ಗಂಡ ನೀರಿನ ಪಂಪು ರಿಪೇರಿ ಮಾಡುವವನು, ದಿನವಿಡೀ ಮೋಟರಿನ ಗದ್ದಲದಲ್ಲಿ ಇರುವವನು. "ಮದ್ವೆಯಾದಾಗಿಂದ ಇಂಥಾ ನೆಮ್ಮದಿ ಕಂಡಿರ್ಲಿಲ್ಲ ಕಣೇ. ಆ ಡಾಕ್ಟ್ರಿಗೆ ಇನ್ನೂ ಸ್ವಲ್ಪ ಫೀಸು ಕೊಟ್ಟು ಬರ್ತೀನಿ," ಎಂದ. ಮೈಕಮ್ಮ ಸೌಟು ಎಸೆದಳು. ಅದಕ್ಕೆ ದನಿ ಬೇಕಾಗಿರಲಿಲ್ಲ. ವಾರ ಕಳೆಯುವುದರೊಳಗೆ ಗಂಡ ಹೆಂಡಿರ ಸಂಸಾರ ಕೈಸನ್ನೆಯಲ್ಲೇ ಸಾಗತೊಡಗಿತು.

ಕೈಸನ್ನೆ ನಡೆಯದಿದ್ದುದು ಮನೆಯಲ್ಲಿ ಜೊತೆಗಿದ್ದ ಅವಳ ಅಪ್ಪನ ಹತ್ತಿರ. ಅಪ್ಪ ಬಸ್ಸಿನ ಸೀಟು ಹೊಲಿಯುತ್ತಿದ್ದವನು. ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣು ತೆಗೆದುಕೊಂಡಿತ್ತು. ಮಗಳು ಸಂಜೆ ಬಂದು, ಚಪ್ಪಲಿ ಬಿಡುವ ಮೊದಲೇ ನಿಲ್ದಾಣದ ಸುದ್ದಿ ಶುರು ಮಾಡುತ್ತಿದ್ದಳು: ಯಾರ ಕೊಡೆ ಯಾವ ಬಸ್ಸಿನಲ್ಲಿ ಹೋಯಿತು, ಯಾವ ಕಂಡಕ್ಟರು ಚಿಲ್ಲರೆಗಾಗಿ ಯಾರ ಹತ್ತಿರ ಬೈಸಿಕೊಂಡ. ಅಪ್ಪ ಊರನ್ನು ನೋಡುತ್ತಿದ್ದದ್ದು ಅಷ್ಟರಲ್ಲೇ. ಈಗ ಅವಳು ಹೆಗಲು ತಟ್ಟುವ ಪದ್ಧತಿ ಮಾಡಿದಳು. ಒಂದು ತಟ್ಟಿದರೆ ಊಟ, ಎರಡು ತಟ್ಟಿದರೆ ಸ್ನಾನ. ಅಪ್ಪ ಊಟಕ್ಕೆ ಎದ್ದ, ಸ್ನಾನಕ್ಕೆ ಎದ್ದ, ಮಿಕ್ಕ ಹೊತ್ತು ಗೋಡೆಗೆ ಒರಗಿ ಕುಳಿತ.

ಕೆಲವು ದಿನದ ಮೇಲೆ ಮಧ್ಯಾಹ್ನ ಕೋಲು ಹಿಡಿದು ಹೊರಗೆ ಹೋಗತೊಡಗಿದ. ಅಳಿಯ ಕೇಳಿದರೆ, "ಗಾಳಿಗೆ," ಎನ್ನುತ್ತಿದ್ದ. ಯಾವ ಗಾಳಿ ಎಂಬುದು ತಿಳಿದದ್ದು ನಿಲ್ದಾಣದ ಪುಸ್ತಕದಂಗಡಿಯವನಿಂದ. ಅವನೇ ಮಹಡಿ ಹತ್ತಿ ಬಂದ.

"ಅಕ್ಕಾ, ನಿಮ್ಮಪ್ಪ ದಿನಾ ಬಂದು ಕೂರ್ತಾರೆ. ಯಾವ ಬಸ್ಸೂ ಹತ್ತಲ್ಲ. ಒಂದು ಪುಸ್ತಕಾನೂ ತಗೊಳಲ್ಲ, ಅದು ಬೇರೆ ವಿಷ್ಯ."

ಮೈಕಮ್ಮ ಗಾಜಿನಿಂದ ಬಗ್ಗಿ ನೋಡಿದಳು. ಸ್ಪೀಕರಿನ ಕೆಳಗಿನ ಬೆಂಚಿನಲ್ಲಿ ಅಪ್ಪ ಕುತ್ತಿಗೆ ಓರೆ ಮಾಡಿಕೊಂಡು ಕುಳಿತಿದ್ದ. ಎಲ್ಲಿಗೂ ಹೋಗಬೇಕಿಲ್ಲದವನು ಪ್ರತಿ ಬಸ್ಸಿನ ಹೆಸರಿಗೂ ತಲೆಯಾಡಿಸುತ್ತಿದ್ದ.

ಅಂದು ಸಂಜೆ ಅವಳು ತಟ್ಟಲಿಲ್ಲ, ಮಾತು ಖರ್ಚು ಮಾಡಿದಳು. "ಯಾಕಪ್ಪ ಅಲ್ಲಿಗೆ ಬರ್ತೀಯ? ಬಸ್ಸು ಗಿಸ್ಸು ಮೈಮೇಲೆ ಬಂದ್ರೆ?"

"ಮನೇಲಿ ನೀನು ತಟ್ತೀಯ. ಅಲ್ಲಿ ಮಾತಾಡ್ತೀಯ. ಅದೂ ಎಷ್ಟು ಮರ್ಯಾದೆಯಾಗಿ. 'ಪ್ರಯಾಣಿಕರೇ, ದಯವಿಟ್ಟು ಗಮನಿಸಿ' ಅಂತೀಯ. ನಾನೂ ಗಮನಿಸ್ತೀನಿ."

"ಪರೀಕ್ಷೆ ಒಂದು ಮುಗೀಲಿ ಅಪ್ಪ. ಆಮೇಲೆ ನೀನೇ ಸಾಕು ನಿಲ್ಸು ಅನ್ಬೇಕು, ಅಷ್ಟು ಮಾತಾಡ್ತೀನಿ."

"ಆಗ್ಲಮ್ಮ. ಈಗ ನಿಲ್ಸು, ಖರ್ಚಾಗತ್ತೆ," ಎಂದ ಅಪ್ಪ.

ಪರೀಕ್ಷೆಯ ಹಿಂದಿನ ದಿನ ಅವಳು ರಜೆ ಹಾಕಿ ಹಾಡಿನ ಮೇಷ್ಟ್ರ ಮನೆಗೆ ಹೋದಳು. ರಜೆಯ ವಿಷಯ ಗಂಡನಿಗೆ ಸನ್ನೆಯಲ್ಲಿ ತಿಳಿಸಿದ್ದಳು. ಅಪ್ಪನಿಗೆ ತಿಳಿಸಲು ನಾಲ್ಕು ಮಾತು ಬೇಕಿತ್ತು. ಉಳಿಸಿದಳು. ಮೇಷ್ಟ್ರ ಮುಂದೆ ದನಿ ಎಷ್ಟೋ ತಿಂಗಳಿಗೆ ಚೊಕ್ಕವಾಗಿ ಬಂತು. ಮೇಷ್ಟ್ರು ಹೊಗಳುವ ಪೈಕಿ ಅಲ್ಲ. "ಇದನ್ನ ಹೀಗೇ ಎತ್ತಿಟ್ಕೊಂಡು ನಾಳೆ ತಗೊಂಡ್ಹೋಗು. ದಾರೀಲಿ ಯಾರಿಗೂ ಕೊಡ್ಬೇಡ," ಎಂದರು.

ಅಷ್ಟರಲ್ಲಿ ಪುಸ್ತಕದಂಗಡಿಯವನ ಫೋನು. "ಅಕ್ಕಾ, ನಿಮ್ಮಪ್ಪ ಬಂದಿದ್ರು. ಮೈಕಲ್ಲಿ ನಿಮ್ಮ ಬದ್ಲಿಗೆ ಕಂಟ್ರೋಲರ್ ದನಿ ಕೇಳಿ ಗಾಬರಿಯಾದ್ರು. ಮಗಳಿಗೇನಾಯ್ತು ಅಂತ ಮೆಟ್ಲು ಹುಡುಕ್ಕೊಂಡು ಹೊರಟ್ರು. ನಾನು ಒಬ್ಬ ಗಿರಾಕಿಗೆ ಚಿಲ್ಲರೆ ಕೊಟ್ಟು ತಿರುಗೋಷ್ಟರಲ್ಲಿ ಇಲ್ಲ. ಸುತ್ತ ಎಲ್ಲಾ ನೋಡ್ದೆ."

ಅವಳು ಬರುವ ಹೊತ್ತಿಗೆ ನಿಲ್ದಾಣ ತುಂಬಿ ತುಳುಕುತ್ತಿತ್ತು. ಬಸ್ಸುಗಳು ಹಿಂದಕ್ಕೆ ಸರಿಯುತ್ತಿದ್ದವು. ಒಂದೊಂದು ಚಕ್ರದ ಕಡೆಗೂ ನೋಡುತ್ತ, ನೋಡಲು ಹೆದರುತ್ತ, ಅವಳು ಮಹಡಿ ಹತ್ತಿ ಕಂಟ್ರೋಲರನನ್ನು ಕುರ್ಚಿಯಿಂದ ಎಬ್ಬಿಸಿದಳು. ಮೈಕಿನ ಮುಂದೆ ಕೂಗಬಾರದು, ಪಿಸುಗುಟ್ಟಿದರೂ ಮೂಲೆ ಮೂಲೆಗೆ ಮುಟ್ಟುತ್ತದೆ: ಕೆಲಸ ಕಲಿಯಲು ಬಂದವರಿಗೆಲ್ಲ ಅವಳು ಹೇಳಿಕೊಡುತ್ತಿದ್ದ ಮೊದಲ ಪಾಠ ಅದು. ಆ ದಿನ ಅವಳು ಕೂಗಿದಳು.

"ಅಪ್ಪಾ, ಇದ್ದಲ್ಲೇ ನಿಲ್ಲು. ಅಲ್ಲಾಡ್ಬೇಡ. ಅಪ್ಪಾ."

ಅಪ್ಪ ಮಗಳ ಮಾತು ಕೇಳಿದ. ನಿಲ್ದಾಣದ ಹಿಂದೆ, ಬಸ್ಸು ತೊಳೆಯುವ ಜಾಗದಲ್ಲಿ, ಸೋಪಿನ ನೀರಿನಲ್ಲಿ ಪಾದ ನೆನೆಸಿಕೊಂಡು, ಎರಡು ಬಸ್ಸುಗಳ ನಡುವೆ ಕಂಬದಂತೆ ನಿಂತ. ಅವಳು ಕೂಗಿದಾಗಲೆಲ್ಲ, "ಇಲ್ಲೇ ಇದೀನಮ್ಮ," ಎಂದು ಉತ್ತರ ಕೊಡುತ್ತಲೇ ಇದ್ದ. ಅವನ ಹತ್ತಿರ ಮೈಕಿರಲಿಲ್ಲ. ಬಸ್ಸು ತೊಳೆಯುವವನೊಬ್ಬ ನೋಡಿ ಕೈಹಿಡಿದು ಕರೆತರುವ ತನಕ ಅವಳು ಕೂಗಿದಳು. ಕೊನೆ ಕೊನೆಗೆ ಸ್ಪೀಕರಿನಿಂದ ಬರುತ್ತಿದ್ದದ್ದು ಉಸಿರು ಮಾತ್ರ.

ಮರುದಿನ ಪರೀಕ್ಷೆಗೆ ಹೋದಳು. ಹೋಗದಿದ್ದರೂ ಆಗುತ್ತಿತ್ತು. ರೇಡಿಯೋ ಸ್ಟುಡಿಯೋದ ಗಾಜಿನ ಆ ಕಡೆ ಕುಳಿತವರು ಕೈಯೆತ್ತಿದರು, ಅವಳು ಬಾಯಿ ತೆರೆದಳು, ಕಟ್ಟಿದ ಕೊಳಾಯಿಯಂತೆ ಏನೋ ಗೊರಗುಟ್ಟಿತು. ಅವರು ಒಳ್ಳೆಯವರು. ಮತ್ತೊಮ್ಮೆ ಅವಕಾಶ ಕೊಟ್ಟರು, ನೀರು ಕೊಟ್ಟರು, ಬಾಗಿಲ ತನಕ ಬಂದು ಕಳಿಸಿಕೊಟ್ಟರು.

ಡಾಕ್ಟರು ಈ ಸಲ ತಮಾಷೆ ಮಾಡಲಿಲ್ಲ. ಒಳಗೆ ಹರಿದಿದೆ, ಮಾತೇ ಬೇಡ, ಎಷ್ಟು ದಿನ ಎಂದು ಈಗ ಹೇಳಲಾರೆ ಎಂದರು. ಆಫೀಸಿನವರು ಅವಳನ್ನು ಪಾಸು ಕೊಡುವ ಕೌಂಟರಿಗೆ ಹಾಕಿದರು. ಮುದ್ರೆ ಒತ್ತುವುದು, ತಳ್ಳುವುದು. ಬಾಯಿಗೆ ಕೆಲಸವಿಲ್ಲ. ಸಂಜೆ ಬೇಗ ಮನೆಗೆ ಬರುತ್ತಾಳೆ, ಹಾಡಿಗೆ ಹೋಗುವಂತಿಲ್ಲ, ಕೈತುಂಬ ಬಿಡುವು. ಗಂಡ ತಮಾಷೆ ನಿಲ್ಲಿಸಿದ್ದಾನೆ. ಪಂಪಿನಂಗಡಿಯಿಂದ ಬಂದವನು ಮನೆಯ ರೇಡಿಯೋದಲ್ಲಿ ಹಾಡು ಬಂದರೆ ಆಫ್ ಮಾಡುತ್ತಾನೆ.

ಅಪ್ಪ ಈಗಲೂ ನಿಲ್ದಾಣಕ್ಕೆ ಹೋಗುತ್ತಾನೆ. ಮಹಡಿಯ ಗೂಡಿಗೆ ಹೊಸ ಹುಡುಗಿ ಬಂದಿದ್ದಾಳೆ. ಸಂಜೆ ಮಗಳು ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳುವುದು ಈಗ ಅವನ ಪಾಳಿ.

"ಆ ಹುಡುಗಿ ಉಸಿರು ತಗೊಳೋ ಜಾಗ ಸರಿಯಿಲ್ಲಮ್ಮ. ಊರಿನ ಹೆಸರನ್ನ ಮಧ್ಯಕ್ಕೆ ಕತ್ತರಿಸ್ತಾಳೆ. ಇವತ್ತು ಯಾರೋ ತಪ್ಪು ಬಸ್ಸು ಹತ್ತಿ ಇಳಿದ್ರು." ಕೋಲನ್ನು ಗೋಡೆಗೆ ಒರಗಿಸಿ ಹೇಳಿದ, "ಅವತ್ತು ನಾನು ಮನೇಲೇ ಇರ್ಬೇಕಿತ್ತು."

ಅವಳು ಹತ್ತಿರ ಹೋಗಿ ಅವನ ಹೆಗಲ ಮೇಲೆ ಕೈಯಿಟ್ಟಳು. ಇದಕ್ಕೆ ಎಷ್ಟು ತಟ್ಟಬೇಕೆಂದು ಅವರಿಬ್ಬರೂ ಗೊತ್ತು ಮಾಡಿಕೊಂಡಿರಲಿಲ್ಲ. ಕೈ ಅಲ್ಲೇ ಬಿಟ್ಟಳು.

ಅವಳು ತಟ್ಟಲಿ ಎಂದು ಅಪ್ಪ ಕಾದ. ಕಾದು ಕಾದು, ಮುಖ ಮೇಲೆತ್ತಿ ಕೇಳಿದ.

"ಊಟಾನಾ, ಸ್ನಾನಾನಾ?"